ಲಾರಿಯ ಕೂಲೆಂಟ್ ಅಲಾರಂ ಬಡಿದರೆ ಸೆನ್ಸರ್ ವೈರ್ ಕಿತ್ತರೆ ಸಾಕೇ?

“ಕೂಲೆಂಟ್ ಅಲಾರಂ ಬಂದರೆ ಗಾಬರಿ ಬೇಡ, ಸೆನ್ಸರ್ ಹಾಳಾಗಿರುತ್ತದೆ. ವೈರ್ ಕಿತ್ತು ಒಂದಕ್ಕೊಂದು ಸುತ್ತಿ, ನೀರು ಹಾಕಿ ಗಾಡಿ ಓಡಿಸಿ.” ಲಾರಿ ಚಾಲಕರ ನಡುವೆ ಓಡಾಡುವ ಈ ಸಲಹೆ ನಿಮಗೂ ಬಂದಿರಬಹುದು. ಇದರಲ್ಲಿ ಎಳ್ಳಷ್ಟು ನಿಜವಿದೆ, ಉಳಿದದ್ದು ಅಪಾಯ. ಬನ್ನಿ, ಒಂದೊಂದಾಗಿ ನೋಡೋಣ.

ಅಲಾರಂ ಹೇಳುವುದೇನು?

ಎಚ್ಚರಿಕೆಗಳು ಎರಡು ಬಗೆ. ಒಂದು, ಕೂಲೆಂಟ್ ಮಟ್ಟ ಇಳಿದಿದೆ ಎನ್ನುವುದು. ಇನ್ನೊಂದು, ಬಿಸಿ ಮಿತಿ ಮೀರಿದೆ ಎನ್ನುವುದು. ಮಟ್ಟ ಅಳೆಯುವ ಸೆನ್ಸರ್ ಕೂಲೆಂಟ್ ಟ್ಯಾಂಕ್‌ನಲ್ಲಿರುತ್ತದೆ, ಬಿಸಿ ಅಳೆಯುವುದು ಎಂಜಿನ್‌ನಲ್ಲಿ.

“ಮೀಟರ್ ಮುಳ್ಳು ನಡುವೆಯೇ ಇದೆ, ಹಾಗಾದರೆ ಅಲಾರಂ ಸುಳ್ಳು” ಎನ್ನುವವರಿದ್ದಾರೆ. ಇದೇ ದೊಡ್ಡ ತಪ್ಪು. ಬಿಸಿಯ ಸೆನ್ಸರ್ ಕೂಲೆಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಕೂಲೆಂಟ್ ಸೋರಿ ಅದರ ಸುತ್ತ ಗಾಳಿ ತುಂಬಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಏರದೇ ಇರಬಹುದು.

ಸೆನ್ಸರ್ ಕೆಡುವುದೇ ಇಲ್ಲವೇ?

ಕೆಡುತ್ತದೆ. ಕೆಸರು ಕಟ್ಟಿಕೊಂಡರೆ, ವೈರ್ ಸಡಿಲವಾದರೆ ಸುಳ್ಳು ಅಲಾರಂ ಬರುತ್ತದೆ. ಮಟ್ಟ ಅಂಚಿನಲ್ಲಿದ್ದಾಗ ಏರಿನಲ್ಲಿ ಬಡಿದು, ಸಮತಟ್ಟಿನಲ್ಲಿ ನಿಲ್ಲುವುದೂ ಉಂಟು. ಆದರೆ ಟ್ಯಾಂಕ್ ಕಣ್ಣಾರೆ ನೋಡದೆ ಸೆನ್ಸರ್ ಮೇಲೆ ಗೂಬೆ ಕೂರಿಸಬಾರದು. ವೈರ್ ಸುತ್ತಿಬಿಟ್ಟರೆ ನಾಳೆ ನಿಜವಾಗಿ ಸೋರಿದಾಗ ಹೇಳುವವರೇ ಇರುವುದಿಲ್ಲ.

ನೀರೇ ಸಾಕಲ್ಲವೇ?

ದಾರಿಯಲ್ಲಿ ಬೇರೆ ಗತಿಯಿಲ್ಲದಾಗ, ಎಂಜಿನ್ ತಣ್ಣಗಾದ ಮೇಲೆ ಶುದ್ಧ ನೀರು ಹಾಕಿ ಗ್ಯಾರೇಜ್ ಸೇರಬಹುದು. ಅದೇ ಅಭ್ಯಾಸವಾಗಬಾರದು. ಬೋರ್‌ವೆಲ್‌ನ ಗಡಸು ನೀರು, ಮನೆಯ ಗೀಸರ್‌ನಲ್ಲಿ ಕಟ್ಟುವಂತೆ, ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಅಲ್ಲಿಗೆ ಶಾಖ ಹೊರಹೋಗುವ ದಾರಿ ಮುಚ್ಚಿತು. ಕೂಲೆಂಟ್‌ನಲ್ಲಿರುವ ರಾಸಾಯನಿಕಗಳು ತುಕ್ಕನ್ನಷ್ಟೇ ಅಲ್ಲ, ದೊಡ್ಡ ಡೀಸೆಲ್ ಎಂಜಿನ್‌ನ ಲೈನರ್‌ಗಳಲ್ಲಿ ಸಣ್ಣ ಸಣ್ಣ ಗುಳಿ ಬೀಳುವುದನ್ನೂ ತಡೆಯುತ್ತವೆ. ಬಣ್ಣ ಒಂದೇ ಎಂದು ಸಿಕ್ಕ ಕೂಲೆಂಟ್ ಬೆರೆಸಬೇಡಿ. ಬಣ್ಣ ಗುಣಮಟ್ಟದ ಗುರುತಲ್ಲ, ಮ್ಯಾನುಯಲ್‌ನಲ್ಲಿ ಹೇಳಿದ ಬಗೆಯನ್ನೇ ಬಳಸಿ.

ಮುಚ್ಚಳ ಮುಟ್ಟುವ ಮುನ್ನ

ಕೂಲೆಂಟ್ ವ್ಯವಸ್ಥೆ ಒತ್ತಡದಲ್ಲಿರುತ್ತದೆ. ಆದ್ದರಿಂದಲೇ ಒಳಗಿನ ದ್ರವ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ. ಕುಕ್ಕರ್ ಹಾಗೆ. ಬಿಸಿಯಲ್ಲೇ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ದ್ರವ ಉಕ್ಕಿ ಮುಖ, ಕೈ ಬೇಯುತ್ತದೆ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

ಹಾಗಾದರೆ ಏನು ಮಾಡಬೇಕು?

• ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಮಟ್ಟದ ಅಲಾರಂ ಆದರೆ ಎಂಜಿನ್ ಆಫ್ ಮಾಡಿ.
• ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಟ್ಯಾಂಕ್‌ನ ಗುರುತು ನೋಡಿ.
• ಮಟ್ಟ ಇಳಿದಿದ್ದರೆ ಹೋಸ್, ಕ್ಲಾಂಪ್, ರೇಡಿಯೇಟರ್, ವಾಟರ್ ಪಂಪ್ ಕೆಳಗೆ ಒದ್ದೆ ಇದೆಯೇ ನೋಡಿ.
• ಮಟ್ಟ ಸರಿಯಿದ್ದೂ ಬಿಸಿಯಾದರೆ ಫ್ಯಾನ್, ಬೆಲ್ಟ್, ಥರ್ಮೋಸ್ಟಾಟ್, ಕೆಸರು ಮೆತ್ತಿದ ರೇಡಿಯೇಟರ್ ಮೇಲೆ ಅನುಮಾನ ಪಡಿ.
• ಹೊರಗೆ ಸೋರಿಕೆ ಇಲ್ಲದೆ ಪದೇ ಪದೇ ಇಳಿಯುತ್ತಿದ್ದರೆ, ಬಿಳಿ ಹೊಗೆ ಬಂದರೆ, ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ ಗಾಡಿ ಓಡಿಸಬೇಡಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.
• ಚೆಲ್ಲಿದ ಕೂಲೆಂಟ್ ಹಾಗೇ ಬಿಡಬೇಡಿ. ಅದರ ರುಚಿ ಸಿಹಿ, ಆದರೆ ನಾಯಿ, ದನಕರುಗಳಿಗೆ ವಿಷ.

ಕೊನೆಯ ಮಾತು

ಮಂಗಳೂರು ಬಂದರಿನಿಂದ ಲೋಡ್ ತುಂಬಿ ಶಿರಾಡಿ ಘಾಟಿ ಹತ್ತುವ ಟ್ರೇಲರ್‌ಗೆ ಅರ್ಧ ಗಂಟೆ ತಡವಾದರೆ ಬಾಡಿಗೆಯಲ್ಲಿ ಸ್ವಲ್ಪ ಹೋಗಬಹುದು. ಎಂಜಿನ್ ಸೀಜ್ ಆದರೆ ಮಾಲೀಕನ ವರ್ಷದ ದುಡಿಮೆಯೇ ಹೋಗುತ್ತದೆ. ವೈರ್ ಕೀಳುವ ಸಲಹೆ ನಿಮ್ಮ ಗುಂಪಿಗೆ ಮತ್ತೆ ಬಂದರೆ ಮುಂದೆ ಕಳುಹಿಸಬೇಡಿ. ಅಲಾರಂ ಬಾಯಿ ಮುಚ್ಚಿಸುವ ಮೊದಲು ಅದು ಹೇಳುವುದನ್ನು ಕೇಳಿ.