ಹಳೆಯ ಡ್ರಮ್ಮಿನ ವಾಸನೆ: ತೊಳೆಯುವ ಮೊದಲು ತಿಳಿಯೋಣ



ಸುಗ್ಗಿ ಕಳೆದು ಪಗ್ಗು ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಗುಡ್ಡದ ಮೇಲಿನ ಮನೆಗಳಲ್ಲಿ ನೀರಿನ ಚಿಂತೆ ಆರಂಭವಾಗುತ್ತದೆ. ಬಾವಿಯ ತಳ ಕಾಣುತ್ತದೆ. ಸುರಂಗದ ನೀರು ನೂಲಿನಷ್ಟು ಸಣ್ಣಗಾಗುತ್ತದೆ. ಬಂದಷ್ಟನ್ನು ಹಿಡಿದಿಡಲು ಗುಜರಿ ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ಮು ತರುತ್ತೇವೆ. ಬೋರ್ಡೋ ದ್ರಾವಣ ಕಲಸಲು ಒಂದು, ದನಗಳ ಅಕ್ಕಚ್ಚಿಗೆ ಒಂದು, ಇಗರ್ಜಿಯ ಹಬ್ಬದ ಊಟದ ದಿನ ನೀರು ತುಂಬಲು ಇನ್ನೊಂದು. ಕಡಿಮೆ ಬೆಲೆಗೆ ಸಿಗುವ ಹಳೆಯ ಸಾಮಾನು ತರುವುದರಲ್ಲಿ ತಪ್ಪಿಲ್ಲ, ಅದು ಜಾಣತನವೇ. ಆದರೆ ಮುಚ್ಚಳ ತೆರೆದಾಗ ಮೂಗಿಗೆ ಬಡಿಯುವ ವಾಸನೆಯನ್ನು ಓಡಿಸಲು ಹೊರಡುವ ಮೊದಲು, ಅದು ಯಾವುದರ ವಾಸನೆ ಎಂದು ತಿಳಿಯಬೇಕು. ಕೆಲವು ವಾಸನೆ ತೊಳೆದರೆ ಹೋಗುತ್ತದೆ, ಕೆಲವು ಒಣಗಿಸಿದರೆ ಹೋಗುತ್ತದೆ. ಇನ್ನು ಕೆಲವದರಲ್ಲಿ ವಾಸನೆ ಹೋದರೂ ಅಪಾಯ ಹೋಗುವುದಿಲ್ಲ.

ತಿನ್ನುವ ವಸ್ತುಗಳ ವಾಸನೆ

ಉಪ್ಪಿನಕಾಯಿ, ವಿನೆಗರ್, ಹಣ್ಣಿನ ರಸ, ಅಡಿಗೆ ಎಣ್ಣೆ, ಮೀನು ಇವುಗಳಿದ್ದ ಡ್ರಮ್ಮಾದರೆ ಹೆದರಬೇಕಾಗಿಲ್ಲ. ಮೊದಲು ಸಾಬೂನು ಹಾಕಿದ ಬಿಸಿನೀರಿನಲ್ಲಿ ಜಿಡ್ಡು ತೆಗೆಯಬೇಕು. ಜಿಡ್ಡು ಇರುವ ತನಕ ವಾಸನೆಯೂ ಇರುತ್ತದೆ. ಮುಚ್ಚಳದ ಸುತ್ತಲಿನ ರಬ್ಬರ್ ಬಳೆಯನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ವಾಸನೆ ಅಡಗುವುದು ಹೆಚ್ಚಾಗಿ ಅಲ್ಲಿಯೇ.

ಬಳಿಕ ವಾಸನೆಗೆ ತಕ್ಕ ಮದ್ದು. ಮೀನಿನ ವಾಸನೆಗೆ ಕಾರಣವಾಗುವ ವಸ್ತು ಕ್ಷಾರ ಗುಣದ್ದು. ಹುಳಿ ತಾಗಿದರೆ ಅದು ಸುಮ್ಮನಾಗುತ್ತದೆ. ಅದಕ್ಕಾಗಿಯೇ ಮೀನು ತೊಳೆದ ಕೈಗೆ ನಮ್ಮ ತಾಯಂದಿರು ಲಿಂಬೆ ಸಿಪ್ಪೆಯನ್ನೋ ಹುಣಸೆಯನ್ನೋ ಉಜ್ಜುತ್ತಾರೆ. ಡ್ರಮ್ಮಿಗೂ ಹುಣಸೆ ನೀರು, ವಿನೆಗರ್ ಸಾಕು. ಹಳಸಿದ ಎಣ್ಣೆ, ಹುಳಿತ ಹಾಲು ಇವುಗಳ ವಾಸನೆ ಆಮ್ಲ ಗುಣದ್ದು. ಅದಕ್ಕೆ ಅಡಿಗೆ ಸೋಡಾ. ಒಂದು ಬಕೆಟ್ ಬಿಸಿನೀರಿಗೆ ಒಂದು ಹಿಡಿ ಸೋಡಾ ಬೆರೆಸಿ ಒಳಗೆಲ್ಲ ತಾಗುವಂತೆ ಹೊರಳಿಸಿ ಒಂದು ರಾತ್ರಿ ಬಿಡಿ. ಮರುದಿನ ತೊಳೆದು, ಬಾಯಿ ತೆರೆದು ಎರಡು ಮೂರು ದಿನ ಬಿಸಿಲಿಗಿಡಿ. ಹಳೆಯ ಫ್ರಿಜ್ಜಿಗೂ ಇದೇ ಕ್ರಮ. ಒರಸಿ ಒಣಗಿಸಿದ ನಂತರ ಒಂದು ತಟ್ಟೆ ಕಟ್ಟಿಗೆ ಇದ್ದಿಲು ಒಳಗಿಟ್ಟರೆ ಅದು ಉಳಿದ ವಾಸನೆಯನ್ನು ಹೀರುತ್ತದೆ.

ಮುಗ್ಗಲು ವಾಸನೆ

ಹಳೆಯ ಕಪಾಟು, ಹಾಸಿಗೆ, ಬಟ್ಟೆಗಳ ಮುಗ್ಗಲು ವಾಸನೆಗೆ ಕಾರಣ ಬೂಷ್ಟು. ತೇವ ಇರುವ ತನಕ ಅದು ಬೆಳೆಯುತ್ತಲೇ ಇರುತ್ತದೆ. ಮೇಲಿನಿಂದ ಅತ್ತರು ಚಿಮುಕಿಸಿದರೆ ಮೂಗಿಗೆ ಮೋಸವಾಗುತ್ತದೆಯೇ ಹೊರತು ಬೂಷ್ಟು ಸಾಯುವುದಿಲ್ಲ. ಉಬ್ಬಸ ಇರುವವರಿಗೆ ಅದರ ಧೂಳು ತೊಂದರೆ ಕೊಡುತ್ತದೆ. ಇಂಥ ಸಾಮಾನನ್ನು ಬೇಸಗೆಯಲ್ಲಿಯೇ ತಂದು, ಅಂಗಳದಲ್ಲಿ ಒದ್ದೆ ಬಟ್ಟೆಯಿಂದ ಒರಸಿ, ಚೆನ್ನಾಗಿ ಬಿಸಿಲು ಕಾಣಿಸಿ ಒಳಗೆ ತನ್ನಿ. ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಒಳಗಿನ ಹತ್ತಿಯ ತನಕ ಬೂಷ್ಟು ಹಿಡಿದ ಹಾಸಿಗೆಯನ್ನು ತರಬೇಡಿ.

ಹಳೆಯ ಬಟ್ಟೆಯಲ್ಲಿ ನುಸಿಗುಳಿಗೆಯ ವಾಸನೆ ಇದ್ದರೆ ಎಳೆಯ ಮಕ್ಕಳಿಗೆ ಹಾಗೆಯೇ ತೊಡಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ತಿಳಿಯದು. ಬಿಸಿಲಿಗೆ ಹಾಕಿ, ಒಗೆದು, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಿರಿ.

ವಿಷದ ವಾಸನೆ

ಈಗ ಮುಖ್ಯ ವಿಷಯ. ಕೀಟನಾಶಕ, ಕಳೆನಾಶಕ, ಥಿನ್ನರ್, ಬಣ್ಣ, ಡೀಸೆಲ್ ಇದ್ದ ಡ್ರಮ್ಮು ಅಥವಾ ಕ್ಯಾನನ್ನು ಎಷ್ಟೇ ತೊಳೆದರೂ ನೀರಿಗೆ, ಅಕ್ಕಿಗೆ, ಎಣ್ಣೆಗೆ, ಅಕ್ಕಚ್ಚಿಗೆ ಉಪಯೋಗಿಸಬಾರದು. ಇಂಥ ವಸ್ತುಗಳು ಪ್ಲಾಸ್ಟಿಕ್ಕಿನ ಮೈಯೊಳಗೆ ಇಳಿದಿರುತ್ತವೆ. ಸಾಬೂನು ಮೇಲಿನದನ್ನು ಮಾತ್ರ ತೆಗೆಯುತ್ತದೆ. ಒಳಗೆ ಇಳಿದದ್ದು ನಿಧಾನವಾಗಿ ನೀರಿಗೆ, ಅದಕ್ಕಿಂತಲೂ ಬೇಗ ಎಣ್ಣೆಗೆ ಬಿಡುತ್ತದೆ. ಕೆಲವು ಕೀಟನಾಶಕಗಳು ದನದ ಹೊಟ್ಟೆ ಸೇರಿದರೆ ಹಾಲಿನ ಕೊಬ್ಬಿನಲ್ಲಿಯೂ ಬರುತ್ತವೆ. ವಾಸನೆ ನಿಂತಿತು ಎಂಬುದು ವಿಷ ಹೋಯಿತೆಂಬುದಕ್ಕೆ ಸಾಕ್ಷಿಯಾಗದು. ಸ್ವಲ್ಪ ಹೊತ್ತಿನಲ್ಲಿ ಮೂಗು ಯಾವ ವಾಸನೆಗಾದರೂ ಒಗ್ಗಿಬಿಡುತ್ತದೆ.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ತೀರಿಕೊಂಡರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ಖಚಿತವಾಯಿತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಎಣ್ಣೆ ಇಟ್ಟಿರಬೇಕೆಂದು ಅಧಿಕಾರಿಗಳು ಆಗ ಹೇಳಿದ್ದರು. ಎಣ್ಣೆ ಸರಿಯಿಲ್ಲವೆಂದು ಅಡಿಗೆಯವರು ಮೊದಲೇ ತಿಳಿಸಿದ್ದರೆಂದೂ ವರದಿಯಾಗಿತ್ತು. ಆ ಮಾತಿಗೆ ಕಿವಿಗೊಟ್ಟಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು.

ಇನ್ನೆರಡು ಎಚ್ಚರಿಕೆ. ಪೆಟ್ರೋಲ್, ಥಿನ್ನರ್ ಇದ್ದ ಕಬ್ಬಿಣದ ಡ್ರಮ್ಮನ್ನು ದನಗಳ ಬಾನಿ ಮಾಡಲೆಂದು ಗ್ಯಾಸ್ ಕಟ್ಟರಿನಿಂದ ಸೀಳಬೇಡಿ. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿ ಕಿಡಿ ತಾಗಿದೊಡನೆ ಸ್ಫೋಟಿಸುತ್ತದೆ. ಹಾಗೆಯೇ 2,4-ಡಿ ಕಳೆನಾಶಕ ಹೊಡೆದ ಹಳೆಯ ಸ್ಪ್ರೇಯರನ್ನು ತರಕಾರಿಗೆ ಬಳಸಬೇಡಿ. ಪೈಪಿನಲ್ಲಿ ಉಳಿದ ಅಲ್ಪ ಅಂಶವೂ ಟೊಮೆಟೊ, ಬದನೆಯಂಥ ಗಿಡಗಳ ಎಲೆಗಳನ್ನು ಮುದುಡಿಸುತ್ತದೆ.

ತೊಳೆಯುವಾಗಲೂ ಜಾಗ್ರತೆ ಬೇಕು. ಬ್ಲೀಚಿಂಗ್ ಪೌಡರಿಗೆ ವಿನೆಗರ್, ಲಿಂಬೆ, ಪಾಯಿಖಾನೆ ತೊಳೆಯುವ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ರಬ್ಬರ್ ಹಾಲಿಗೆ ಬಳಸುವ ಫಾರ್ಮಿಕ್ ಆ್ಯಸಿಡ್ ಅಥವಾ ಅಮೋನಿಯ ಇದ್ದ ಕ್ಯಾನಿಗೆ ಬ್ಲೀಚಿಂಗ್ ಪೌಡರ್ ಹಾಕಿದರೂ ವಿಷಾನಿಲ ಹುಟ್ಟುತ್ತದೆ. ಡ್ರಮ್ಮಿನೊಳಗೆ ತಲೆ ಹಾಕಿ ಉಜ್ಜುವ ಕೆಲಸಕ್ಕೆ ಮಕ್ಕಳನ್ನು ಕಳುಹಿಸಲೇಬಾರದು.

ಕೊಳ್ಳುವಾಗ ಏನು ನೋಡಬೇಕು?

1. ಇದರಲ್ಲಿ ಮೊದಲು ಏನಿತ್ತು ಎಂದು ಅಂಗಡಿಯವರನ್ನು ಕೇಳಿ. ಗೊತ್ತಿಲ್ಲವೆಂದರೆ ಆ ಡ್ರಮ್ಮು ಅಡಿಗೆಮನೆಗೂ ಹಟ್ಟಿಗೂ ಬೇಡ.

2. ಲೇಬಲು ನೋಡಿ. ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತು ಇರುತ್ತದೆ. ಅದರ ಕೆಳಭಾಗದ ತ್ರಿಕೋನ ಕೆಂಪಾದರೆ ಅತಿ ತೀವ್ರ ವಿಷ; ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರು ಇದ್ದರೂ ಆ ಡಬ್ಬಿ ಆಹಾರಕ್ಕೆ ಸಲ್ಲದು. ಲೇಬಲು ಕೆರೆದು ತೆಗೆದ ಗುರುತಿದ್ದರೆ ಬಿಟ್ಟುಬಿಡಿ.

3. ಮುಚ್ಚಳ ತೆರೆದು ಮುಖವನ್ನು ಬಗ್ಗಿಸಬೇಡಿ. ದೂರದಿಂದ ಕೈಯಲ್ಲಿ ಗಾಳಿ ಬೀಸಿ ಮೂಸಿರಿ.

4. ಬೋರ್ಡೋ ಕಲಸುವ ಡ್ರಮ್ಮಿಗೆ ದೊಡ್ಡದಾಗಿ ಗುರುತು ಹಾಕಿ. ಅದರಲ್ಲಿ ಕುಡಿಯುವ ನೀರು ತುಂಬಬೇಡಿ.

ಅನಾಹುತವಾದರೆ

ಕೀಟನಾಶಕ ಹೊಟ್ಟೆಗೆ ಅಥವಾ ಮೈಗೆ ಸೇರಿದವರಿಗೆ ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು, ಸ್ನಾಯು ಅದುರುವುದು ಕಾಣಿಸಬಹುದು. ಬಟ್ಟೆ ಕಳಚಿ ಮೈಯನ್ನು ಸಾಬೂನಿನಿಂದ ತೊಳೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನು ಮಾಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯನ್ನೋ ಲೇಬಲನ್ನೋ ಜೊತೆಗೆ ಕೊಂಡುಹೋಗಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ.

ನಮ್ಮ ಮನೆಯ ಖಾಲಿ ಕ್ಯಾನು

ಎಂಡೋಸಲ್ಫಾನಿನ ನೋವುಂಡ ನಮ್ಮ ಜಿಲ್ಲೆಗೆ ಕೀಟನಾಶಕದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ದೇಶದಾದ್ಯಂತ ತಡೆಯಿತು. ಆಕಾಶದಿಂದ ಬಿದ್ದ ವಿಷ ನಮ್ಮ ಕೈಯಲ್ಲಿರಲಿಲ್ಲ. ಕೊಟ್ಟಿಗೆಯ ಮೂಲೆಯ ಖಾಲಿ ಕ್ಯಾನು ನಮ್ಮ ಕೈಯಲ್ಲಿಯೇ ಇದೆ.

ಮದ್ದು ಮುಗಿದ ಕ್ಯಾನನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ತೋಡಿಗೆ ಚೆಲ್ಲಬಾರದು. ಖಾಲಿ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬಾವಿ, ಸುರಂಗಗಳಿಂದಲೂ ದೂರವಿರಲಿ. ಹತ್ತಿಪ್ಪತ್ತು ರೂಪಾಯಿಗೆ ನಾವು ಗುಜರಿಯವರಿಗೆ ಕೊಟ್ಟ ಕ್ಯಾನು ನಾಳೆ ಇನ್ನೊಬ್ಬ ಬಡವರ ಮನೆಯಲ್ಲಿ ಎಣ್ಣೆಯ ಕ್ಯಾನಾಗಿ ಕುಳಿತೀತು. ಆದ್ದರಿಂದ ಈ ವಾರ ಎಲ್ಲರೂ ಒಮ್ಮೆ ತಮ್ಮ ಕೊಟ್ಟಿಗೆಯನ್ನು ನೋಡಬೇಕೆಂದು ಕೋರುತ್ತೇವೆ. ಹಾಗೆ ಉಳಿದ ಕ್ಯಾನುಗಳಿದ್ದರೆ, ಮಾರುವ ಮೊದಲು ತಳಕ್ಕೆ ಕತ್ತಿಯಿಂದ ಒಂದು ತೂತು ಕೊರೆದುಬಿಡಿ. ಮತ್ತೆ ಅದರಲ್ಲಿ ಯಾರೂ ಏನನ್ನೂ ತುಂಬಲಾರರು.