ಮನಸ್ಸಿನ ಗಂಟು ಬಿಚ್ಚುವ ಮಾತು

ಕಾಲು ಮುರಿದರೆ ವೈದ್ಯರ ಬಳಿಗೆ ಹೋಗಲು ನಾವು ನಾಚುವುದಿಲ್ಲ. ಮನಸ್ಸು ನೊಂದಾಗ ಮಾತ್ರ, ಮನೆಯ ಮಾತು ಹೊಸ್ತಿಲು ದಾಟಬಾರದೆಂದು ಬಾಯಿ ಮುಚ್ಚಿಕೊಳ್ಳುತ್ತೇವೆ. ಆಪ್ತಸಲಹೆಗಾರರನ್ನು ಕಂಡುಬಂದವರನ್ನು ನೋಡಿ “ತಲೆ ಕೆಟ್ಟಿದೆಯಂತೆ” ಎಂದು ಪಿಸುಗುಡುವವರೂ ಉಂಟು. ಈ ತಪ್ಪು ತಿಳಿವಳಿಕೆ ದೂರವಾಗಬೇಕು.

ಆಪ್ತಸಲಹೆ ಎಂದರೇನು? ತರಬೇತಿ ಪಡೆದವರೊಬ್ಬರು ಕಷ್ಟದಲ್ಲಿರುವ ಒಬ್ಬರೊಡನೆ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು ಹೊತ್ತು ನಡೆಸುವ ಸಂಭಾಷಣೆ. ಅಲ್ಲಿ ಉಪದೇಶವಿಲ್ಲ, ತೀರ್ಪಿಲ್ಲ. ಹೇಳಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಜೀವಕ್ಕೆ ಅಪಾಯವಿರುವಂತಹ ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಈ ಗೋಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕೆಂದು ಹೇಳಿದೆ.

ಒಬ್ಬರೇ ಹೋಗಿ ಮಾತನಾಡಿದರೆ ಇಬ್ಬರ ಸಂಬಂಧ ಹೇಗೆ ಸರಿಹೋದೀತು? ಒಂದು ಉದಾಹರಣೆಯನ್ನು ಊಹಿಸೋಣ. ನಮ್ಮ ವಯನಾಡಿನ ಅನೇಕ ರೈತರು ಕರ್ನಾಟಕದಲ್ಲಿ ಗದ್ದೆ ಗೇಣಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಬೆಲೆ ಕುಸಿದ ವರ್ಷ ಅಂಥ ತಂದೆಯೊಬ್ಬ ಮನೆಗೆ ಬಂದೊಡನೆ ಮಗನ ಮೇಲೆ ರೇಗುತ್ತಾನೆ. “ಸಿಟ್ಟು ಬರುವ ಮುಂಚೆ ಏನು ಯೋಚಿಸುತ್ತಿದ್ದಿರಿ?” ಎಂದು ಸಲಹೆಗಾರರು ಕೇಳುತ್ತಾರೆ. ಹುಡುಕುತ್ತ ಹೋದಾಗ, ಅದು ಮಗನ ಮೇಲಿನ ಸಿಟ್ಟಲ್ಲ, ಸಾಲದ ಭಯ ಎಂದು ಆತನಿಗೇ ಹೊಳೆಯುತ್ತದೆ. ಮುಂದಿನ ಸಲ ಕೂಗಾಡುವ ಬದಲು “ನನಗೆ ಸಾಲದ ಚಿಂತೆ ಮಗನೇ” ಎಂದರೆ ಮಗನ ಉತ್ತರವೂ ಬದಲಾಗುತ್ತದೆ. ಸಾಲ ತೀರಲಿಲ್ಲ ನಿಜ; ಆದರೆ ಮನೆ ಒಡೆಯಲಿಲ್ಲ.

ಬದುಕು ತಿರುವು ಪಡೆಯುವಾಗಲೂ ಈ ನೆರವು ಬೇಕಾಗುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದದ್ದನ್ನು ನಾವು ಮರೆಯಲಾರೆವು. ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ವೆಳ್ಳಾರ್ಮಲ ಶಾಲೆಯ ಮಕ್ಕಳು ಮೇಪ್ಪಾಡಿಯಲ್ಲಿ ಪಾಠ ಮುಂದುವರಿಸಬೇಕಾಯಿತು. ಅನ್ನ, ಬಟ್ಟೆ, ಔಷಧಿಗಳ ಜೊತೆಗೆ ಪರಿಹಾರ ಶಿಬಿರಗಳಿಗೆ ಆಪ್ತಸಲಹೆಗಾರರೂ ಬಂದರು. ಇಂಥ ದುರಂತ ಕಂಡವರು ಮಳೆಯ ಸದ್ದಿಗೆ ಬೆಚ್ಚಿಬೀಳುವುದು, ನಿದ್ದೆಗೆಡುವುದು ಹುಚ್ಚಲ್ಲ. ಪೆಟ್ಟು ತಿಂದ ಮನಸ್ಸಿನ ಸಹಜ ಗುಣ. ನಂಬಿಕೆಯವರೆದುರು ತನ್ನ ವೇಗದಲ್ಲಿ ಹೇಳಿಕೊಂಡಾಗ ನೆನಪು ಅಳಿಯದಿದ್ದರೂ ಅದರ ಹಿಡಿತ ಸಡಿಲವಾಗುತ್ತದೆ.

ಸಂತೋಷದ ತಿರುವೂ ಭಾರವಾಗಬಹುದು. ಹೆರಿಗೆಯಾದ ಮೊದಲ ದಿನಗಳಲ್ಲಿ ತಾಯಿಗೆ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ದುಗುಡ ಹೋಗದಿದ್ದರೆ ಅದು ಖಿನ್ನತೆಯಿರಬಹುದು. ಲೋಕದಲ್ಲಿ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಉಂಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವನ್ನೇ ತೆರೆಯಿತು. ಬಾಣಂತಿಗೆ ಎಣ್ಣೆನೀರು, ಪಥ್ಯ ನೋಡಿಕೊಳ್ಳುವ ನಾವು “ನಿನಗೆ ಹೇಗನಿಸುತ್ತಿದೆ?” ಎಂದು ಕೇಳುವುದನ್ನೂ ಕಲಿಯಬೇಕು.

ಆಪ್ತಸಲಹೆ ಮಂತ್ರದಂಡವಲ್ಲ. ಕೆಲವರಿಗೆ ಔಷಧವೂ ಬೇಕು. ಮನೆಯಲ್ಲಿ ಹೊಡೆತ ತಿನ್ನುವವರಿಗೆ ಮೊದಲು ಬೇಕಾದದ್ದು ರಕ್ಷಣೆ. ಹೊಂದಿಕೊಂಡು ಹೋಗುವ ಬುದ್ಧಿವಾದವಲ್ಲ.

ನೆರವು ದೂರವೇನಿಲ್ಲ. ಕೇರಳದ ಅನೇಕ ಸರಕಾರಿ ಶಾಲೆಗಳಲ್ಲಿ ಆಪ್ತಸಲಹೆಗಾರರಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ವಿದ್ಯಾರ್ಥಿಗಳೇ, ಪಕ್ಕದ ಬೆಂಚಿನ ಗೆಳೆಯ ಬಹಳ ದಿನಗಳಿಂದ ಮಾತು ಬಿಟ್ಟಿದ್ದರೆ ಅವನನ್ನು ಗೇಲಿ ಮಾಡಬೇಡಿರಿ. ಹತ್ತಿರ ಕುಳಿತು ವಿಚಾರಿಸಿರಿ. ಅಗತ್ಯವಾದರೆ ಅಧ್ಯಾಪಕರ ಬಳಿಗೆ ಕರೆತನ್ನಿರಿ. ನಿಮ್ಮದೇ ಮನಸ್ಸು ಭಾರವಾದಾಗಲೂ ಬರಲು ಸಂಕೋಚಪಡಬೇಡಿರಿ.