ಸೀರೆ ಅಂಗಡಿಯ ಸರಾಸರಿ

ಬಿಎಸ್‌ಸಿಯಲ್ಲಿ ಸಂಖ್ಯಾಶಾಸ್ತ್ರ ತಗೊಂಡಿದ್ದೇನೆ ಎಂದಾಗ ಪಕ್ಕದ ಮನೆ ಆಂಟಿ, ‘ನನ್ನ ಮಗನ ಹೆಸರಿನ ಸ್ಪೆಲಿಂಗ್ ಬದಲಿಸಬೇಕಾ ನೋಡಮ್ಮ’ ಎಂದಿದ್ದರು! ಅದು ಬೇರೆ, ಇದು ಬೇರೆ ಎಂದು ವಿವರಿಸುವಷ್ಟರಲ್ಲಿ ಸಾಕುಬೇಕಾಯಿತು. ಅಪ್ಪನದು ಒಂದೇ ಪ್ರಶ್ನೆ: ‘ಕೆಲಸ ಸಿಗುತ್ತಾ?’

ಅಪ್ಪ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಒಮ್ಮೆ ಅವರು ಮಾರಿದ ಐದು ಸೀರೆಗಳ ಬೆಲೆ ಬರೆದುಕೊಂಡೆ: 800, 900, 1,000, 1,300, ಕೊನೆಯದು ಮದುವೆಯ ರೇಷ್ಮೆ ಸೀರೆ, 16,000. ಸರಾಸರಿ 4,000 ರೂಪಾಯಿ. ‘ನಾಲ್ಕು ಸಾವಿರದ ಸೀರೆ ಒಂದೂ ಹೋಗಿಲ್ವಲ್ಲೇ’ ಎಂದು ಅಪ್ಪ ನಕ್ಕರು. ಬೆಲೆಯ ಸಾಲಿನಲ್ಲಿ ನಟ್ಟನಡುವೆ ಇರುವ ಮಧ್ಯಾಂಕ 1,000. ಗಿರಾಕಿಗಳ ಜೇಬಿಗೆ ಹತ್ತಿರದ್ದು ಅದೇ.

ಡಿಗ್ರಿ ಮುಗಿಯುತ್ತಿದ್ದಂತೆ, ಸಾಲ ಮಾಡಿ ಡೇಟಾ ಸೈನ್ಸ್ ಕೋರ್ಸ್ ಸೇರುವ ಮಾತು ಮನೆಯಲ್ಲಿ ಶುರುವಾಯಿತು. ಆ ಸಂಸ್ಥೆಯ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ‘ಸರಾಸರಿ ಪ್ಯಾಕೇಜ್’ ಇತ್ತು. ಫೋನ್ ಮಾಡಿ, ಮಧ್ಯಾಂಕ ಎಷ್ಟು, ಕೆಲಸ ಸಿಗದವರನ್ನೂ ಲೆಕ್ಕಕ್ಕೆ ಹಿಡಿದಿದ್ದೀರಾ ಎಂದು ಕೇಳಿದೆ. ‘ವಿಚಾರಿಸಿ ಹೇಳ್ತೀವಿ’ ಎಂದವರು ಮತ್ತೆ ಕರೆ ಮಾಡಲಿಲ್ಲ. ನಾವು ಸಾಲ ಮಾಡಲಿಲ್ಲ. ಎಂಎಸ್‌ಸಿಗೆ ಅರ್ಜಿ ಹಾಕಿದೆ.

ಕೆಲಸದ ಚಿಂತೆ ಹೋಗಿದೆ ಎಂದಲ್ಲ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಕೂಡ ಗಣಿತ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದವರು. ಆ ಕೆಲಸ ಸಿಗಲಿಲ್ಲ. 1941ರಲ್ಲಿ ಅಲ್ಲಿನ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ತರಬೇತಿಗೆ ಸೇರಿದರು. ಒಂದು ಅಂದಾಜು ಎಷ್ಟು ನಿಖರವಾಗಬಲ್ಲದು ಎಂದು ತಿಳಿಸುವ, 1945ರ ಅವರ ‘ಕ್ರಾಮರ್–ರಾವ್’ ಮಿತಿ ನಮ್ಮ ಪಠ್ಯದಲ್ಲಿದೆ. ನನಗದು ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ ಬಿಡಿ!

ಅಪ್ಪ ಮಾತ್ರ ಈಗ ಮನೆಗೆ ಬಂದವರೇ ಚಪ್ಪಲಿ ಬಿಡುತ್ತಾ, ‘ಇವತ್ತು ಮಧ್ಯಾಂಕ 1,200’ ಎನ್ನುತ್ತಾರೆ.